ಸಾವಿಯಬ್ಬೆಯ ಕುದುರೆ: ಯುದ್ಧತಂತ್ರದ ಕಂಪ್ಯೂಟರ್ ಆಟಗಳಲ್ಲಿ ಮಧ್ಯಕಾಲೀನ ವೀರಮಹಿಳೆ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸುಮಾರು ಕ್ರಿ.ಶ. 950ರ ಕಾಲದ್ದೆಂದು ವಿದ್ವಾಂಸರು ನಿರ್ಣಯಿಸಿರುವ ಒಂದು ವೀರಗಲ್ಲಿದೆ. ಅದರ ಶಿಲ್ಪಪಟ್ಟಿಕೆಯಲ್ಲಿ ಹೆಣ್ಣೊಬ್ಬಳು ಕುದುರೆಯೇರಿ, ಹಿರಿದ ಕತ್ತಿಯನ್ನು ಮೇಲೆತ್ತಿ, ಎದುರಿಗೆ ಆನೆಯ ಮೇಲಿರುವ ಗಂಡಸಿನ ಮೇಲೆ ಬೀಳುತ್ತಿದ್ದಾಳೆ. ಅವನೂ ಆಕೆಯತ್ತ ಆಯುಧವನ್ನು ಗುರಿಯಿಟ್ಟಿದ್ದಾನೆ. ಜೊತೆಗಿರುವ ಶಾಸನ ಆಕೆಯ ಹೆಸರು ಸಾವಿಯಬ್ಬೆ ಎಂದು ತಿಳಿಸುತ್ತದೆ. ತಂದೆ ಬಾಯಿಕ, ತಾಯಿ ಜಾಬಯ್ಯೆ, ಗಂಡ ಲೋಕವಿದ್ಯಾಧರ. ಗಂಡನೊಡನೆ ಯುದ್ಧಕ್ಕೆ ಹೋಗಿ ಬಗೆಯೂರಿನ ಕಾಳಗದಲ್ಲಿ ಆಕೆ ಮಡಿದಳು. ಗಂಗರ ಕಾಲದ ಈ ಹೆಣ್ಣಿನ ಬಗೆಗೆ ಉಳಿದಿರುವುದು ಬಹುಮಟ್ಟಿಗೆ ಇಷ್ಟೇ. ಆದರೆ ಈ ಇಷ್ಟನ್ನೇ ಎದುರಿಗಿಟ್ಟುಕೊಂಡು, ಇಂದು ಜಗತ್ತಿನಾದ್ಯಂತ ಲಕ್ಷಾಂತರ ತರುಣರು ಆಡುವ ಯುದ್ಧತಂತ್ರದ ಕಂಪ್ಯೂಟರ್ ಆಟಗಳ ವೀರಮಹಿಳೆಯರನ್ನು ಪರೀಕ್ಷಿಸಬಹುದು. ಹಾಗೆ ಪರೀಕ್ಷಿಸಿದಾಗ, ಆ ಆಟಗಳ ಬಗೆಗೆ ನಡೆದಿರುವ ವಾಗ್ವಾದದಲ್ಲಿ ಎರಡೂ ಪಕ್ಷಗಳು ತಪ್ಪು ಪ್ರಶ್ನೆಯನ್ನು ಕೇಳುತ್ತಿವೆ ಎಂಬುದು ಸ್ಪಷ್ಟವಾಗುತ್ತದೆ.

ಈ ಆಟಗಳನ್ನು ಹುಡುಗರ ಕಾಲಹರಣವೆಂದು ಬದಿಗೆ ಸರಿಸುವಂತಿಲ್ಲ. ಹಾಸನದ ಕಾಲೇಜು ವಿದ್ಯಾರ್ಥಿಗೆ ಮಧ್ಯಯುಗದ ಯುದ್ಧದ ಮೊದಲ ಚಿತ್ರ ಈಗ ಪಠ್ಯಪುಸ್ತಕದಿಂದಲೋ ಬೇಲೂರಿನ ಗೋಡೆಯಿಂದಲೋ ಬರಬೇಕೆಂದಿಲ್ಲ; ‘ಏಜ್ ಆಫ್ ಎಂಪೈರ್ಸ್’ ಎಂಬ ಆಟದಿಂದ ಬರಬಹುದು. 1999ರಲ್ಲಿ ಹೊರಬಂದ ಇದರ ಎರಡನೆಯ ಭಾಗ ಮಧ್ಯಯುಗವನ್ನೇ ವಸ್ತುವಾಗಿ ಉಳ್ಳದ್ದು. ಪರಿಷ್ಕೃತ ರೂಪದಲ್ಲಿ ಅದು ಇಂದಿಗೂ ಜೀವಂತವಾಗಿದೆ. 2022ರಲ್ಲಿ ಅದಕ್ಕೆ ಭಾರತದ ರಾಜವಂಶಗಳ ವಿಸ್ತರಣೆಯೊಂದು ಸೇರಿಕೊಂಡು, ‘ದ್ರವಿಡಿಯನ್ಸ್’ ಎಂಬ ಹೆಸರಿನಲ್ಲಿ ದಕ್ಷಿಣ ಭಾರತವೂ ಒಂದು ಆಡಬಹುದಾದ ಪಕ್ಷವಾಯಿತು. ‘ಕ್ರುಸೇಡರ್ ಕಿಂಗ್ಸ್’ ಎಂಬ ಇನ್ನೊಂದು ಆಟದ ಎರಡನೆಯ ಭಾಗ 2014ರಲ್ಲೇ ತನ್ನ ಭೂಪಟವನ್ನು ಭಾರತದವರೆಗೆ ಹಿಗ್ಗಿಸಿತ್ತು. ಅಂದರೆ ಕರ್ನಾಟಕದ ಮಧ್ಯಯುಗ ಈಗ ಆಟದ ಹಲಗೆಯ ಮೇಲಿದೆ. ಅದನ್ನು ಅಲ್ಲಿ ಕೂರಿಸಿದವರು ಯಾವ ಆಕರಗಳನ್ನು ನೋಡಿ ಕೂರಿಸಿದರು ಎಂದು ಕೇಳುವುದು ಇತಿಹಾಸದ ಅಧ್ಯಯನಕ್ಕೆ ಸಲ್ಲುವ ಪ್ರಶ್ನೆಯೇ ಸರಿ.

ವಾಗ್ವಾದ ದೊಡ್ಡದಾಗಿ ಎದ್ದದ್ದು ಮಧ್ಯಯುಗದ ಆಟದಲ್ಲಲ್ಲ, ಪ್ರಾಚೀನ ರೋಮಿನ ಕುರಿತ ‘ಟೋಟಲ್ ವಾರ್: ರೋಮ್ 2’ ಎಂಬ ಆಟದಲ್ಲಿ. 2013ರ ಈ ಆಟಕ್ಕೆ 2018ರಲ್ಲಿ ಮಾಡಿದ ಪರಿಷ್ಕರಣದಲ್ಲಿ ಹೆಂಗಸರೂ ಸೇನಾನಿಗಳಾಗಿ ಬರುವ ಅವಕಾಶ ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಂದು ವರ್ಗದ ಆಟಗಾರರು ಇದು ಇತಿಹಾಸಕ್ಕೆ ಬಗೆದ ದ್ರೋಹವೆಂದು ಗದ್ದಲವೆಬ್ಬಿಸಿದರು. ತಯಾರಕ ಸಂಸ್ಥೆ ಕೊಟ್ಟ ಉತ್ತರ ಕುತೂಹಲಕರವಾದದ್ದು: ಹೆಚ್ಚಿನ ಪಕ್ಷಗಳಲ್ಲಿ ಹೆಣ್ಣು ಸೇನಾನಿ ದೊರೆಯುವ ಸಂಭವ ಶೇಕಡಾ 10ರಿಂದ 15, ರೋಮನ್ ಮತ್ತು ಗ್ರೀಕ್ ಪಕ್ಷಗಳಲ್ಲಿ ಸೊನ್ನೆ, ಕುಶ್ ರಾಜ್ಯದಲ್ಲಿ 50. ಆರೋಪಿಸಿದವರು ಸಂಖ್ಯೆ ಹೆಚ್ಚಾಯಿತೆಂದರು, ಸಮರ್ಥಿಸಿದವರು ಸಂಖ್ಯೆ ಸರಿಯಾಗಿಯೇ ಇದೆಯೆಂದರು. ಹೆಣ್ಣಿನ ಶೌರ್ಯವೆಂಬುದು ಶೇಕಡಾವಾರಿನಲ್ಲಿ ಅಳೆಯಬಹುದಾದ ಪದಾರ್ಥವೆಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಕನ್ನಡ ನಾಡಿನ ಕಲ್ಲುಗಳನ್ನು ಎಣಿಸಹೊರಟರೆ ಆರೋಪಿಸಿದವರ ಪಕ್ಷವೇ ಗೆಲ್ಲುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಕೆರೆಯ ಏರಿಯ ಮೇಲೆ, ಊರಬಾಗಿಲಲ್ಲಿ, ಪಾಳುಗುಡಿಯ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಸತ್ತ ವೀರ ಸಾಮಾನ್ಯವಾಗಿ ಗಂಡಸೇ. ದನಗಳನ್ನು ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತವನು ತುರುಗೋಳಿನ ವೀರ. ಊರಿಗೆ ಮುತ್ತಿದವರೊಡನೆ ಕಾದಿ ಸತ್ತವನು ಊರಳಿವಿನ ವೀರ. ಹೆಣ್ಣು ಈ ಕಲ್ಲುಗಳಲ್ಲಿ ಇಲ್ಲವೆಂದಲ್ಲ, ಆಕೆಗೆ ಗೊತ್ತುಪಡಿಸಿದ ಸ್ಥಾನಗಳಿವೆ. ಪೆಣ್ಬುಯ್ಯಲ್, ಪೆಂಡಿರುಡೆಯುರ್ಚು ಎಂಬ ಶಾಸನೋಕ್ತ ಪದಗಳಲ್ಲಿ ಆಕೆ ಕಾಳಗದ ಕಾರಣ. ಆಕೆಯ ಕೂಗನ್ನು ಕೇಳಿ, ಆಕೆಯ ಮಾನವನ್ನು ಕಾಯಲು ಹೋಗಿ ವೀರ ಸಾಯುತ್ತಾನೆ. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಮೇಲೆತ್ತಿದ ತೋಳು ಆಕೆಯ ಗುರುತು. ಇವೆರಡನ್ನೂ ಮೀರಿ ಆಕೆ ಹೆಚ್ಚಾಗಿ ಕಾಣಿಸುವುದು ವೀರಗಲ್ಲಿನ ನಡುವಣ ಪಟ್ಟಿಕೆಯಲ್ಲಿ, ಸತ್ತವನನ್ನು ಎರಡು ಬದಿಯಲ್ಲಿ ಹಿಡಿದು ಮೇಲಕ್ಕೆ ಕರೆದೊಯ್ಯುವ ಸುರಾಂಗನೆಯಾಗಿ. ಸಾವಿಯಬ್ಬೆ ಇರುವುದು ಹೋರಾಡುವವರ ಪಟ್ಟಿಕೆಯಲ್ಲಿ. ಆಕೆಯ ಕಲ್ಲಿನ ಮಹತ್ವ ಇರುವುದು ಈ ಸ್ಥಾನಪಲ್ಲಟದಲ್ಲಿ. ಅದೇ ಹೊತ್ತಿನ ಆತಕೂರಿನ ಪ್ರಸಿದ್ಧ ಶಾಸನದಲ್ಲಿ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ಸಂದಿದೆ ಎಂಬುದನ್ನು ನೆನೆದರೆ, ಹೆಸರುಳ್ಳ ಹೆಣ್ಣುವೀರರ ವಿರಳತೆ ಇನ್ನಷ್ಟು ಕಣ್ಣಿಗೆ ರಾಚುತ್ತದೆ.

ವಿರಳತೆಯೆಂಬುದು ಸುಳ್ಳಿಗೆ ಸಮವಲ್ಲ. ಸಂಭವನೀಯತೆಯ ಲೆಕ್ಕದಲ್ಲಿ ಸಾವಿಯಬ್ಬೆ ಸೊನ್ನೆಗೆ ಹತ್ತಿರದವಳು. ಕಲ್ಲಿನಲ್ಲಿ ಮಾತ್ರ ಆಕೆ ಪೂರ್ತಿ ಒಬ್ಬಳು. ಆದ್ದರಿಂದ ‘ಹೆಂಗಸರು ಕಾದಿದರೆ?’ ಎಂಬ ಪ್ರಶ್ನೆಗಿಂತ ‘ಕಾದಿದಾಗ ಯಾವ ಸಂಬಂಧದ ಬಲದಿಂದ, ಯಾರ ಜೊತೆಯಲ್ಲಿ, ಯಾವ ಮೌಲ್ಯಕ್ಕಾಗಿ ಕಾದಿದರು?’ ಎಂಬ ಪ್ರಶ್ನೆ ಹೆಚ್ಚು ಫಲಪ್ರದವಾದದ್ದು. ಆಟಗಳು ಸೋಲುವುದು ಇಲ್ಲಿ.

ಸಾವಿಯಬ್ಬೆಯ ಶಾಸನವನ್ನೇ ನೋಡಬಹುದು. ಶಿಲ್ಪಿ ಆಕೆಗೆ ಕುದುರೆಯನ್ನೂ ಕತ್ತಿಯನ್ನೂ ಕೊಟ್ಟ. ಶಾಸನಕವಿ ಕೊಟ್ಟದ್ದು ಬೇರೆಯದನ್ನು. ಆತನ ಹೊಗಳಿಕೆಯಲ್ಲಿ ಆಕೆ ದೃಢವಾದ ಜಿನಭಕ್ತಿಯುಳ್ಳ ಶ್ರಾವಕಿ, ರೇವತಿಗೆ ಸಮಾನಳು, ಪತಿಭಕ್ತಿಯಲ್ಲಿ ಅರುಂಧತಿಯಂಥವಳು. ರಣಚಂಡಿ, ದುರ್ಗಿ ಎಂಬಂತಹ ಹೋಲಿಕೆಗಳ ಬದಲು ಗೃಹಿಣಿಗೂ ಶ್ರಾವಕಿಗೂ ಸಲ್ಲುವ ಹೋಲಿಕೆಗಳೇ ಮುಂದೆ ನಿಂತಿವೆ. ಉಳಿಯೊಂದು ಹೇಳಿದರೆ ಲೇಖನಿಯೊಂದು ಹೇಳಿತೆಂದು ಇದನ್ನು ವೈರುಧ್ಯವಾಗಿ ಓದುವುದು ಸುಲಭ. ಆದರೆ ಆ ಕಾಲದವರಿಗೆ ಇದು ವೈರುಧ್ಯವಾಗಿ ತೋರಿರಲಾರದು. ಗಂಡನ ಮಗ್ಗುಲಲ್ಲಿ ಕುದುರೆಯೇರಿ ಹೋಗುವುದು ಆಕೆಯ ಪಾತಿವ್ರತ್ಯಕ್ಕೆ ಹೊರತಾದ ಸಾಹಸವಲ್ಲ. ಅದರದೇ ಒಂದು ತುದಿ. ಇಂದಿನ ಓದುಗನಿಗೆ ಇದು ರುಚಿಸದೆ ಹೋಗಬಹುದು. ಸ್ತ್ರೀಸ್ವಾತಂತ್ರ್ಯದ ಪೂರ್ವಜೆಯಾಗಿ ಆಕೆಯನ್ನು ಕಾಣಬಯಸುವವರಿಗೆ ಅರುಂಧತಿಯ ಹೋಲಿಕೆ ಅಡ್ಡಬರುತ್ತದೆ; ಹೆಣ್ಣು ಮನೆಯಲ್ಲೇ ಇದ್ದಳೆಂದು ಸಾಧಿಸಬಯಸುವವರಿಗೆ ಕುದುರೆ ಅಡ್ಡಬರುತ್ತದೆ. ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳದ ಯಾವ ಚಿತ್ರಣವೂ ಐತಿಹಾಸಿಕವಾಗಿ ನಿಖರವೆನಿಸದು.

ಹೊಯ್ಸಳರ ಕಾಲಕ್ಕೆ ಬಂದರೆ ವಿಷಯ ಇನ್ನೂ ಗಹನವಾಗುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇರುವ ಗರುಡಗಂಬದ ಶಾಸನ ಕುವರಲಕ್ಷ್ಮನದು. ಆತ ಇಮ್ಮಡಿ ವೀರಬಲ್ಲಾಳನ ದಂಡನಾಯಕ. 1220ರಲ್ಲಿ ಒಡೆಯ ತೀರಿಕೊಂಡಾಗ ಕೊಟ್ಟ ಭಾಷೆಯಂತೆ ತಾನೂ ಪ್ರಾಣ ಬಿಟ್ಟ. ಆತನ ಜೊತೆಗೆ ಹೆಂಡತಿ ಸುಗ್ಗಲದೇವಿಯೂ ಮಡಿದಳು. ಚನ್ನರಾಯಪಟ್ಟಣಕ್ಕೆ ನೆರೆಯದಾದ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳಲ್ಲಿ ಒಂದೇ ಮನೆತನದ ಹಲವು ತಲೆಮಾರಿನ ಗರುಡರು ಒಬ್ಬೊಬ್ಬ ಹೊಯ್ಸಳ ದೊರೆಯೊಡನೆ ಸತ್ತ ವಿವರಗಳಿವೆ. ಅವರೊಡನೆ ಅವರ ಹೆಂಡಿರೂ ಲೆಂಕರೂ ಲೆಂಕಿತಿಯರೂ ಪ್ರಾಣ ಕೊಟ್ಟದ್ದನ್ನು ಅವು ಹೇಳುತ್ತವೆ. ಲೆಂಕಿತಿ ಎಂಬ ಈ ಪದವನ್ನು ಗಮನಿಸಬೇಕು. ಲೆಂಕನೆಂದರೆ ಒಡೆಯನಿಗೆ ಪ್ರಾಣವನ್ನು ಒತ್ತೆಯಿಟ್ಟ ಸೇವಕ. ಆ ಸೇವೆಗೆ ಸ್ತ್ರೀಲಿಂಗ ರೂಪವೊಂದು ಭಾಷೆಯಲ್ಲಿಯೇ ಹುಟ್ಟಿತ್ತೆಂದರೆ, ಯೋಧವರ್ಗದ ನಿಷ್ಠೆಯ ಒಪ್ಪಂದ ಗಂಡಸರಿಗಷ್ಟೇ ಮೀಸಲಾಗಿರಲಿಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಮತ್ತು ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ (1982) ಕೃತಿಗಳಿಂದ ಮೊದಲ್ಗೊಂಡು ಆತ್ಮಬಲಿದಾನದ ಈ ಲೋಕದ ಮೇಲೆ ಕನ್ನಡದಲ್ಲಿ ಗಟ್ಟಿಯಾದ ಕೆಲಸ ನಡೆದಿದೆ. ಆಟಗಳನ್ನು ರಚಿಸುವವರಿಗೆ ಅದರ ಸುಳಿವೂ ಹತ್ತಿದಂತಿಲ್ಲ.

ಹತ್ತಿದ್ದರೂ ಅದನ್ನು ಆಟದೊಳಗೆ ತರುವುದು ಹೇಗೆ ಎಂಬ ತೊಡಕು ಉಳಿಯುತ್ತಿತ್ತು. ಯುದ್ಧತಂತ್ರದ ಆಟದಲ್ಲಿ ಸೈನಿಕನ ಬೆಲೆ ಆತ ಕೊಲ್ಲಬಲ್ಲ ಶತ್ರುಗಳ ಸಂಖ್ಯೆಯಿಂದ ನಿರ್ಧಾರವಾಗುತ್ತದೆ. ಸತ್ತ ಸೈನಿಕ ಖರ್ಚಾದ ಹೊನ್ನು. ವೀರಗಲ್ಲಿನ ಗಣಿತ ಇದಕ್ಕೆ ತದ್ವಿರುದ್ಧವಾದದ್ದು. ಗೆದ್ದು ಬದುಕಿ ಮನೆಗೆ ಬಂದವನಿಗೆ ಕಲ್ಲಿಲ್ಲ. ಸತ್ತವನಿಗೆ, ಸತ್ತವಳಿಗೆ ಮಾತ್ರ ಕಲ್ಲು. ಸಾವಿಯಬ್ಬೆ ಎಷ್ಟು ಜನರನ್ನು ಕೊಂದಳೆಂಬ ಲೆಕ್ಕದಿಂದ ಆಕೆಯ ಕಲ್ಲು ನಿಂತಿಲ್ಲ. ಆಟವು ಆಕೆಗೆ ದಾಳಿಯ ಅಂಕ, ರಕ್ಷಣೆಯ ಅಂಕ, ವೇಗದ ಅಂಕಗಳನ್ನು ಕೊಟ್ಟು ಕಳಿಸಿದಾಗ, ಆಕೆ ಹೆಣ್ಣೋ ಗಂಡೋ ಎಂಬುದಕ್ಕಿಂತ ದೊಡ್ಡದಾದ ಒಂದು ಅಪವ್ಯಾಖ್ಯಾನ ಆಗಲೇ ನಡೆದುಹೋಗಿರುತ್ತದೆ.

ಇನ್ನೊಂದು ಗೊಂದಲ, ದಂಡೆತ್ತಿದವಳಿಗೂ ಕತ್ತಿ ಹಿಡಿದವಳಿಗೂ ಇರುವ ಅಂತರವನ್ನು ಮರೆಯುವುದು. ಚಾಳುಕ್ಯ ಜಯಸಿಂಹನ ಸಹೋದರಿ ಅಕ್ಕಾದೇವಿ ಕಿಸುಕಾಡು ಮೊದಲಾದ ನಾಡುಗಳನ್ನಾಳಿದವಳು. 1047ರಲ್ಲಿ ಗೋಕಗೆಯ, ಅಂದರೆ ಇಂದಿನ ಗೋಕಾಕಿನ, ಕೋಟೆಗೆ ಮುತ್ತಿಗೆ ಹಾಕಿದ್ದಳು. ವೀರಬಲ್ಲಾಳನ ರಾಣಿ ಉಮಾದೇವಿ ಸಾಮಂತರ ಮೇಲೆ ದಂಡೆತ್ತಿ ಹೋದದ್ದನ್ನು ಇತಿಹಾಸಕಾರರು ಉಲ್ಲೇಖಿಸುತ್ತಾರೆ. ಹತ್ತನೆಯ ಶತಮಾನದ ಆರಂಭದಲ್ಲಿ ಜಕ್ಕಿಯಬ್ಬೆ ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆಯನ್ನು ವಹಿಸಿಕೊಂಡು ಸಮರ್ಥವಾಗಿ ನಡೆಸಿದಳು. ಇವೆಲ್ಲ ಅಧಿಕಾರದ ಸಂಗತಿಗಳು. ಮನೆತನದಿಂದ, ವೈಧವ್ಯದಿಂದ, ದೊರೆಯ ನೇಮಕದಿಂದ ಬಂದ ಅಧಿಕಾರಗಳು. ಸಾವಿಯಬ್ಬೆಗೆ ಇಂತಹ ಯಾವ ಪದವಿಯೂ ಇರಲಿಲ್ಲ. ಇವರೆಲ್ಲರನ್ನೂ ‘ವೀರವನಿತೆ’ ಎಂಬ ಒಂದೇ ತಲೆಬರಹದ ಕೆಳಗೆ ತಂದು, ಅಬ್ಬಕ್ಕ, ಕೆಳದಿ ಚೆನ್ನಮ್ಮ, ಒನಕೆ ಓಬವ್ವರನ್ನೂ ಅದೇ ಸಾಲಿಗೆ ಸೇರಿಸುವ ಪರಿಪಾಠ ಅಭಿನಂದನ ಗ್ರಂಥಗಳಲ್ಲೂ ಶಾಲಾ ಭಾಷಣಗಳಲ್ಲೂ ಬೇರೂರಿದೆ. ಆಟಗಳನ್ನು ದೂರುವ ಮೊದಲು ಈ ಪರಿಪಾಠವನ್ನೂ ದೂರಬೇಕಾಗುತ್ತದೆ. ಏಳೆಂಟು ಶತಮಾನಗಳ ಅಂತರ ಅಳಿಸಿಹೋದ ಮೇಲೆ ಉಳಿಯುವುದು ಆಟದ ಪರದೆಯ ಮೇಲೆ ಮೂಡುವಂತಹ ಒಂದು ಗೊಂಬೆಯೇ ತಾನೆ?

ಸ್ಥಳಾಭಿಮಾನವೂ ಇಲ್ಲಿ ತನ್ನ ಪಾಲಿನ ಕೈಚಳಕವನ್ನು ತೋರಿದೆ. ಬೇಲೂರಿನ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯರಿದ್ದಾರೆ. ಅವರನ್ನು ಹೊಯ್ಸಳ ಸೇನೆಯ ಬಿಲ್ಗಾತಿಯರೆಂದು ವಿವರಿಸುವ ಉತ್ಸಾಹಿಗಳಿಗೆ ಕೊರತೆಯಿಲ್ಲ. ಮೃಗಯಾವಿಹಾರದ ಶೃಂಗಾರಶಿಲ್ಪವನ್ನು ಸೈನ್ಯದ ಹಾಜರಿಪಟ್ಟಿಯಾಗಿ ಓದುವುದು ಶಿಲ್ಪಕ್ಕೂ ಸೈನ್ಯಕ್ಕೂ ಅನ್ಯಾಯ. ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಗೆ ‘ಸವತಿಗಂಧವಾರಣೆ’ ಎಂಬ ಬಿರುದಿತ್ತು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಆಕೆ ಕಟ್ಟಿಸಿದ ಬಸದಿಗೂ ಅದೇ ಹೆಸರು. ಗಂಧವಾರಣವೆಂದರೆ ಮದ್ದಾನೆ, ಯುದ್ಧದ ಆನೆ. ಇಷ್ಟರಿಂದ ಶಾಂತಲೆ ರಣರಂಗಕ್ಕಿಳಿದಳೆಂದು ಹೇಳಲಾದೀತೆ? ಆನೆಯ ಎದುರಿಗಿದ್ದವರು ಇಲ್ಲಿ ಸವತಿಯರು. ಬಿರುದಿನ ಭಾಷೆ ಯುದ್ಧದಿಂದ ಅಂತಃಪುರಕ್ಕೂ ಅಂತಃಪುರದಿಂದ ಯುದ್ಧಕ್ಕೂ ಸಲೀಸಾಗಿ ಓಡಾಡುತ್ತದೆ, ಅದನ್ನು ಪ್ರಮಾಣವಾಗಿ ಹಿಡಿಯುವವನು ಎಚ್ಚರದಿಂದಿರಬೇಕು.

ಈ ಹಿನ್ನೆಲೆಯಲ್ಲಿ ಆಟಗಳನ್ನೇ ನೋಡಿದರೆ ಒಂದೆರಡು ಅನಿರೀಕ್ಷಿತ ಸಂಗತಿಗಳು ಎದುರಾಗುತ್ತವೆ. ‘ಏಜ್ ಆಫ್ ಎಂಪೈರ್ಸ್’ನ ಎರಡನೆಯ ಭಾಗದ ಮೂಲರೂಪದಲ್ಲಿ ಹೆಣ್ಣು ಎರಡು ಬಗೆಯಲ್ಲಿ ಬರುತ್ತಾಳೆ: ಫ್ರಾನ್ಸಿನ ಜೋನ್ ಆಫ್ ಆರ್ಕ್ ಆಗಿ, ಇಲ್ಲವೇ ಹೆಸರಿಲ್ಲದ ಹಳ್ಳಿಗಳಾಗಿ. ಸಾಮಾನ್ಯ ಸೈನಿಕರೆಲ್ಲ ಗಂಡಸರು. ಹಳ್ಳಿಗರಲ್ಲಿ ಮಾತ್ರ ಹೆಂಗಸರೂ ಗಂಡಸರೂ ಬೆರೆತಿದ್ದು, ಇಬ್ಬರೂ ಸಮಾನ ಬಲದಿಂದ ಮರ ಕಡಿಯುತ್ತಾರೆ, ಗೋಡೆ ಕಟ್ಟುತ್ತಾರೆ, ಮೇಲೆ ಬಿದ್ದವರೊಡನೆ ಕೈಲಾದಷ್ಟು ಹೋರಾಡುತ್ತಾರೆ. ರಚಿಸಿದವರಿಗೆ ಗೊತ್ತಿತ್ತೋ ಇಲ್ಲವೋ, ಊರಳಿವಿನ ಕಲ್ಲುಗಳು ನೆನಪಿಸುವ ಲೋಕಕ್ಕೆ, ಊರೇ ರಣರಂಗವಾಗುತ್ತಿದ್ದ ಲೋಕಕ್ಕೆ, ಆಟದಲ್ಲಿ ಹತ್ತಿರವಾದ ಭಾಗ ಇದೇ. ಇನ್ನು ‘ದ್ರವಿಡಿಯನ್ಸ್’ ಪಕ್ಷ ಚೋಳರ ಅಚ್ಚಿನಲ್ಲಿ ಎರಕಗೊಂಡದ್ದು. ಅದರ ಕಥನ ರಾಜೇಂದ್ರ ಚೋಳನದು. ಅರಕಲಗೂಡಿನ ಸೀಮೆಯನ್ನಾಳಿದ ಕೊಂಗಾಳ್ವರು ಚೋಳರ ಸಾಮಂತರಾಗಿದ್ದುದರಿಂದ ಆ ಒಂದು ತಾಲ್ಲೂಕಿನ ಮಟ್ಟಿಗೆ ಇದು ಹೊಂದಬಹುದೇನೊ. ಗಂಗ, ಹೊಯ್ಸಳರ ನೆಲಕ್ಕೆ ಹೊಂದದು. ಆ ಪಕ್ಷಕ್ಕೆ ಉಕ್ಕಿನ ವಿದ್ಯೆಯೊಂದು ವಿಶೇಷವಾಗಿ ಸಂದಿದೆ, ಅದರ ಇಂಗ್ಲಿಷ್ ಹೆಸರಾದ ‘ವೂಟ್ಜ್’ ಕನ್ನಡದ ‘ಉಕ್ಕು’ ಎಂಬುದರಿಂದಲೇ ಬಂದಿತೆಂದು ಹೇಳುವುದುಂಟು. ಆದರೆ ಅದರ ಕುದುರೆಯ ಪಡೆ ದುರ್ಬಲ, ಆನೆಯ ಪಡೆಯೇ ಪ್ರಬಲ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯಲ್ಲಿ ಲಕ್ಷ್ಮೀದೇವಿಯ ಗುಡಿಯನ್ನು ಕಟ್ಟಿಸಿದವನ ಹೆಸರಿನಲ್ಲಿಯೇ ‘ರಾಹುತ’ ಎಂಬ ಸವಾರನ ಬಿರುದಿದೆ. ಚಿಕ್ಕಬೆಟ್ಟದ ಪಟ್ಟಿಕೆಯಲ್ಲೋ ಆನೆಯೂ ಕುದುರೆಯೂ ಮುಖಾಮುಖಿಯಾಗಿವೆ, ಕುದುರೆಯ ಮೇಲಿರುವವಳು ಹೆಣ್ಣು. ಆಟದ ನಿಯಮಗಳ ಪ್ರಕಾರ ಈ ದೃಶ್ಯ ಹೆಣ್ಣಿನ ಕಾರಣಕ್ಕಷ್ಟೇ ಅಲ್ಲ, ಕುದುರೆಯ ಕಾರಣಕ್ಕೂ ಅಸಂಭವ!

‘ಕ್ರುಸೇಡರ್ ಕಿಂಗ್ಸ್’ನ 2020ರ ಮೂರನೆಯ ಭಾಗ ಇದಕ್ಕಿಂತ ಸೂಕ್ಷ್ಮವಾದದ್ದು. ಅಲ್ಲಿ ಪ್ರತಿಯೊಂದು ಪಾತ್ರಕ್ಕೂ ತಂದೆ, ತಾಯಿ, ದಾಂಪತ್ಯ, ಮತಧರ್ಮಗಳಿವೆ. ಹೆಣ್ಣು ರಣಕ್ಕಿಳಿಯಬಹುದೇ ಇಲ್ಲವೇ ಎಂಬುದನ್ನು ಆಯಾ ಧರ್ಮ ಮತ್ತು ಸಂಸ್ಕೃತಿಗಳ ಕಟ್ಟುಪಾಡು ತೀರ್ಮಾನಿಸುತ್ತದೆ. ಸಾವಿಯಬ್ಬೆಯ ಶಾಸನ ತನ್ನ ನಾಯಕಿಯನ್ನು ಪರಿಚಯಿಸುವ ಕ್ರಮವೂ ಇದೇ: ಇಂಥವರ ಮಗಳು, ಇಂಥವನ ಹೆಂಡತಿ, ಇಂಥ ಮತದ ಶ್ರಾವಕಿ. ಆದರೂ ಒಂದು ಎಡವಟ್ಟಿದೆ. ಆಟದಲ್ಲಿ ಮತವೊಂದು ಹೆಣ್ಣಿಗೆ ಯುದ್ಧವನ್ನು ಒಪ್ಪುತ್ತದೆ ಅಥವಾ ನಿಷೇಧಿಸುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದ ಮತದ ಶ್ರಾವಕಿ, ಆ ಮತದ ಪರಮ ತೀರ್ಥದ ಬೆಟ್ಟದ ಮೇಲೆ, ಕತ್ತಿ ಹಿರಿದ ರೂಪದಲ್ಲೇ ಪ್ರತಿಷ್ಠಿತಳಾಗಿರುವುದನ್ನು ಯಾವ ಕೋಷ್ಟಕದಲ್ಲಿ ಇಡುವುದು? ಗಂಗರ ಕಾಲದ ಜೈನ ಸಮಾಜಕ್ಕೆ ಇದನ್ನು ಅರಗಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಚಾವುಂಡರಾಯನೂ ಸೇನಾನಿಯೇ ಆಗಿದ್ದನಲ್ಲವೆ?

ಆಟವೆಂದರೆ ಆಟ, ಅದರಿಂದ ಇತಿಹಾಸವನ್ನು ನಿರೀಕ್ಷಿಸುವುದೇ ತಪ್ಪೆಂಬ ವಾದವಿದೆ. ಕಾದಂಬರಿಗೆ ಇರುವ ಸ್ವಾತಂತ್ರ್ಯ ಆಟಕ್ಕೂ ಇರಲಿ ಎನ್ನುವವರಿದ್ದಾರೆ. ಕೆ.ವಿ. ಅಯ್ಯರ್ ‘ಶಾಂತಲಾ’ ಬರೆದರು, ಸಿ.ಕೆ. ನಾಗರಾಜರಾವ್ ‘ಪಟ್ಟಮಹಾದೇವಿ ಶಾಂತಲದೇವಿ’ ಬರೆದರು. ಶಾಸನದಲ್ಲಿಲ್ಲದ ಎಷ್ಟೋ ಮಾತುಗಳನ್ನು ಶಾಂತಲೆ ಆ ಪುಟಗಳಲ್ಲಿ ಆಡಿದ್ದಾಳೆ, ಓದುಗರು ಮೆಚ್ಚಿದ್ದಾರೆ. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಕಾದಂಬರಿಕಾರ ಒಬ್ಬಳ ಮನಸ್ಸನ್ನು ಊಹಿಸುತ್ತಾನೆ. ಆಟ ಒಂದು ಸಮಾಜದ ನಿಯಮಗಳನ್ನೇ ವಿಧಿಸುತ್ತದೆ. ಯಾರು ಹೋರಾಡಬಹುದು, ಯಾರು ಆಳಬಹುದು, ಸಾವಿಗೆ ಬೆಲೆಯೆಷ್ಟು ಎಂಬುದನ್ನು ಅದು ಅಂಕಗಳಲ್ಲಿ ಬರೆದಿಡುತ್ತದೆ, ನೂರಾರು ಸಲ ಆಡಿದವನಿಗೆ ಆ ಅಂಕಗಳೇ ಇತಿಹಾಸವಾಗುತ್ತವೆ. ಮೇಲಾಗಿ ಇಂತಹ ಆಟಗಳು ತಮ್ಮೊಳಗೆ ಇತಿಹಾಸದ ಟಿಪ್ಪಣಿಗಳನ್ನು ಸೇರಿಸಿಕೊಂಡು ಬರುತ್ತವೆ. ಕಾದಂಬರಿಯ ರಿಯಾಯಿತಿಯನ್ನು ಕೇಳುವವರು ವಿಶ್ವಕೋಶದ ಗೌರವವನ್ನೂ ಕೇಳುವಂತಿಲ್ಲ.

ಇನ್ನೊಂದು ಕಡೆ, ಕಲ್ಲುಗಳ ಸ್ಥಿತಿ ಹೇಗಿದೆ? ಚಿಕ್ಕಬೆಟ್ಟದ ಕಲ್ಲಿಗೆ ಕ್ಷೇತ್ರದ ರಕ್ಷಣೆಯಿದೆ. ಹೊಳೆನರಸೀಪುರ, ಅರಕಲಗೂಡುಗಳ ಹಳ್ಳಿಗಳಲ್ಲಿ ಹರಡಿರುವ ವೀರಗಲ್ಲು ಮಾಸ್ತಿಕಲ್ಲುಗಳಿಗೆ ಅದಿಲ್ಲ. ಮೋರಿಯ ಹಾಸು, ಬಟ್ಟೆ ಒಗೆಯುವ ಬಂಡೆ, ಜೀರ್ಣೋದ್ಧಾರದ ಹೆಸರಿನಲ್ಲಿ ಬಳಿದ ಎಣ್ಣೆಬಣ್ಣದ ಕೆಳಗಿನ ಗುಬುಟು, ಹೀಗೆ ಅವುಗಳ ಪಾಡು ಹಲವು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಬಂದಾಗ ಹಲವು ಊರುಗಳು ಮುಳುಗಿದವು. ಊರು ಮುಳುಗಿದರೆ ಊರಬಾಗಿಲ ಕಲ್ಲೂ ಮುಳುಗುತ್ತದೆ. ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಸಂಪುಟವನ್ನು ಹೊರತಂದಾಗ ಬರಹವಿದ್ದ ಕಲ್ಲುಗಳು ಸೇರಿದವು. ಬರಹವಿಲ್ಲದ ಕಲ್ಲು ಶಾಸನಸಂಪುಟಕ್ಕೆ ಸೇರುವಂತಿಲ್ಲ; ಹೆಣ್ಣಿನ ಕೈಯಲ್ಲಿ ಬಳೆಯ ಬದಲು ಆಯುಧವಿರುವ ಶಿಲ್ಪ ಅಂತಹ ಮೂಕ ಕಲ್ಲುಗಳಲ್ಲಿದ್ದರೆ ಅದು ಪಟ್ಟಿಯ ಹೊರಗೇ ಉಳಿಯುತ್ತದೆ. ಕನ್ನಡ ವಿಭಾಗಗಳ ಸಂಶೋಧನಾರ್ಥಿಗಳಿಗೆ ತಾಲ್ಲೂಕಿಗೊಂದರಂತೆ ಬರಹವಿಲ್ಲದ ವೀರಗಲ್ಲುಗಳ ಸಚಿತ್ರ ಸೂಚಿಯನ್ನು ಒಪ್ಪಿಸುವುದು ಇನ್ನೊಂದು ಕಾದಂಬರಿಯ ಸ್ತ್ರೀಪಾತ್ರಗಳ ಮೇಲೆ ಮತ್ತೊಂದು ಮಹಾಪ್ರಬಂಧವನ್ನು ಬರೆಸುವುದಕ್ಕಿಂತ ತುರ್ತಾದ ಕೆಲಸ.

ಆಟ ಕಟ್ಟುವವರು ದೂರದೇಶದವರು, ಅವರಿಗೆ ಹಳಗನ್ನಡ ಬಾರದು, ಆದ್ದರಿಂದ ಸಾವಿಯಬ್ಬೆ ಅವರ ಕಣ್ಣಿಗೆ ಬೀಳಲಿಲ್ಲವೆಂಬ ಸಮಾಧಾನವನ್ನು ಹೇಳುವವರುಂಟು. ಶ್ರವಣಬೆಳಗೊಳದ ಶಾಸನಗಳು ಮೂರು ಸಲ ಅಚ್ಚಾಗಿವೆ: 1889ರಲ್ಲಿ ರೈಸ್ ಪ್ರಕಟಿಸಿದವು 144, 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿದಾಗ 500, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊರತಂದಾಗ 573. ಸಾವಿಯಬ್ಬೆಯ ಶಾಸನ ಮೊದಲ ಸಂಪುಟದಲ್ಲೇ ಇದೆ, ಇಂಗ್ಲಿಷ್ ಅನುವಾದದ ಸಮೇತ.